ಕೊನೆಯ ಪ್ಯಾಸೇಜ್‌ಗೂ ಸಮಯ ಉಳಿಸುವುದು ಹೇಗೆ?

ಎಂಬಿಎಗೆ ಕ್ಯಾಟ್, ಕಾನೂನು ಓದಲು ಕ್ಲ್ಯಾಟ್, ವಿದೇಶಕ್ಕೆ ಹೋಗಲು ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಂತ ತಯಾರಿ ನಡೆಸುವವರು ಬೆಂಗಳೂರಿನ ಯಾವ ಪಿಜಿಗೆ ಹೋದರೂ ಸಿಗುತ್ತಾರೆ. ಬಹಳ ಜನರ ಗೋಳು ಒಂದೇ: ‘ಕೊನೆಯ ಪ್ಯಾಸೇಜ್ (ಓದಿ ಉತ್ತರಿಸಬೇಕಾದ ಗದ್ಯಭಾಗ) ಮುಟ್ಟೋಕೇ ಆಗಲಿಲ್ಲ.’ ವೇಗವಾಗಿ ಓದುವುದನ್ನು ಕಲಿತರೆ ಇದು ಸರಿಹೋಗುತ್ತದೆ ಅಂತ ನನಗನ್ನಿಸುವುದಿಲ್ಲ. ಹೆಚ್ಚು ಸಮಯ ತಿನ್ನುವುದು ಬಿಡಲು ಮನಸ್ಸಾಗದ ಆ ಒಂದೆರಡು ಪ್ರಶ್ನೆಗಳು.

ಮೊದಲು ಲೆಕ್ಕ ಹಾಕಿ. ಕ್ಲ್ಯಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ. ಸುಮಾರು 450 ಪದಗಳ ಇಂಗ್ಲಿಷ್ ಪ್ಯಾಸೇಜ್‌ಗೆ 5 ಪ್ರಶ್ನೆ ಇವೆ ಅಂದುಕೊಳ್ಳಿ, ಅಂದರೆ ಎಲ್ಲ ಸೇರಿ 5 ನಿಮಿಷ. ನಿಮಿಷಕ್ಕೆ 200 ಪದ ಓದಿದರೂ ಎರಡೂಕಾಲು ನಿಮಿಷ ಓದಿಗೇ ಹೋಯಿತು. ಇನ್ನು ಒಂದೊಂದು ಪ್ರಶ್ನೆಗೆ ಸಿಗುವುದು ಸುಮಾರು ಅರ್ಧ ನಿಮಿಷ, ಅಷ್ಟೇ. ಓಎಂಆರ್ ಹಾಳೆಯಲ್ಲಿ ಉತ್ತರದ ಗುಂಡಿ ತುಂಬುವುದೂ ಅದರಲ್ಲೇ. ಹಾಗಾಗಿ ಒಂದೊಂದು ಪ್ಯಾಸೇಜ್ ಮುಗಿದ ಕೂಡಲೇ ತುಂಬಿಬಿಡಿ, ಎಲ್ಲ ಕೊನೆಗೆ ಅಂತ ಇಟ್ಟುಕೊಳ್ಳಬೇಡಿ.

ಕ್ಯಾಟ್‌ನ ಇಂಗ್ಲಿಷ್ ವಿಭಾಗಕ್ಕೆ 40 ನಿಮಿಷ. ಈಚಿನ ವರ್ಷಗಳಲ್ಲಿ 24 ಪ್ರಶ್ನೆ, ಅದರಲ್ಲಿ 16 ಪ್ರಶ್ನೆ ನಾಲ್ಕು ಪ್ಯಾಸೇಜ್‌ಗಳದ್ದು. ಪ್ಯಾಸೇಜ್‌ಗೆ ಏಳು ನಿಮಿಷ ಇಟ್ಟರೆ ಉಳಿದ ಎಂಟು ಪ್ರಶ್ನೆಗೆ 12 ನಿಮಿಷ ಇರುತ್ತದೆ.

ಆಮೇಲೆ ಯಾವುದು ಮೊದಲು ಅಂತ ಆರಿಸಿ. ನಾಲ್ಕೂ ಪ್ಯಾಸೇಜ್‌ಗಳ ಮೊದಲ ಎರಡು ಸಾಲು ನೋಡಲು ಒಂದು ನಿಮಿಷ ಸಾಕು. ತತ್ವಶಾಸ್ತ್ರ ಕಂಡರೆ ತಲೆ ತಿರುಗುತ್ತಾ? ಅದು ಕೊನೆಗಿರಲಿ. ಕೊಟ್ಟ ಕ್ರಮದಲ್ಲೇ ಬರೆಯಿರಿ ಅಂತ ಯಾರೂ ಹೇಳಿಲ್ಲ ಅಲ್ವಾ?

ಓದುವಾಗ ಮೊದಲ ಪ್ಯಾರಾ ನಿಧಾನ. ಲೇಖಕ ಏನು ಹೇಳಹೊರಟಿದ್ದಾನೆ, ಯಾರ ಜೊತೆ ಜಗಳ ಆಡುತ್ತಿದ್ದಾನೆ ಅನ್ನುವುದು ಅಲ್ಲಿ ಸಿಕ್ಕರೆ ಮುಂದಿನದು ಸಲೀಸು. ಉದಾಹರಣೆ, ಇಸವಿ, ಹೆಸರುಗಳ ಮೇಲೆ ಕಣ್ಣಾಡಿಸಿ ಸಾಕು. ಪ್ರಶ್ನೆ ಕೇಳಿದರೆ ವಾಪಸ್ ಬಂದು ಹುಡುಕಬಹುದು. ‘ಆದರೆ’ ಅಂತ ತಿರುಗುವ ವಾಕ್ಯದ ಹತ್ತಿರ ಮಾತ್ರ ನಿಲ್ಲಿ. ಪ್ರಶ್ನೆಗಳು ಜಾಸ್ತಿ ಹುಟ್ಟುವುದು ಅಲ್ಲೇ.

ಈಗ ಕಷ್ಟದ ಭಾಗ: ಬಿಡುವುದು. ನಾಲ್ಕು ಆಯ್ಕೆಯಲ್ಲಿ ಎರಡನ್ನು ಹೊಡೆದುಹಾಕಿದ ಮೇಲೆ ಉಳಿದೆರಡರ ನಡುವೆ ಒದ್ದಾಡುತ್ತೀರಲ್ಲ, ಅದಕ್ಕೆ ಅರ್ಧ ನಿಮಿಷದ ಗಡುವು ಹಾಕಿ. ಅಷ್ಟರಲ್ಲಿ ಬಗೆಹರಿಯದಿದ್ದರೆ ಒಂದನ್ನು ಒತ್ತಿ, ಮರುಪರಿಶೀಲನೆಯ ಗುರುತು ಹಾಕಿ, ಮುಂದೆ ಹೋಗಿ. ಕ್ಯಾಟ್‌ನಲ್ಲಿ ಹಾಗೆ ಗುರುತು ಹಾಕಿದ ಉತ್ತರಕ್ಕೂ ಅಂಕ ಲೆಕ್ಕವಾಗುತ್ತದೆ. ಸರಿ ಉತ್ತರಕ್ಕೆ 3 ಅಂಕ, ಆಯ್ಕೆ ಪ್ರಶ್ನೆ ತಪ್ಪಾದರೆ 1 ಕಡಿತ. ಎರಡರಲ್ಲಿ ಒಂದು ಅಂತಾದರೆ ಊಹಿಸಿ ಉತ್ತರಿಸಬಹುದು. ನಾಲ್ಕೂ ಒಂದೇ ಥರ ಕಂಡರೆ ಸುಮ್ನೆ ಬಿಟ್ಟುಬಿಡಿ.

ಐಇಎಲ್‌ಟಿಎಸ್‌ನಲ್ಲಿ ತಪ್ಪಿಗೆ ಕಡಿತವೇ ಇಲ್ಲ. ಅದರ ಓದಿನ ವಿಭಾಗಕ್ಕೆ 60 ನಿಮಿಷ, 40 ಪ್ರಶ್ನೆ, ಒಂದನ್ನೂ ಖಾಲಿ ಬಿಡಬೇಡಿ.

ಅಭ್ಯಾಸಕ್ಕೆ ಪತ್ರಿಕೆಯ ಸಂಪಾದಕೀಯ ಒಳ್ಳೆಯದು, ಮೆಟ್ರೊದಲ್ಲಿ ನಿಂತೇ ಓದಬಹುದು. ಪೂರ್ತಿ ಮಾಕ್ ಟೆಸ್ಟ್ (ಅಣಕು ಪರೀಕ್ಷೆ) ಮಾತ್ರ ಒಂದೇ ಪಟ್ಟಿಗೆ ಕೂತು ಬರೆಯಿರಿ, ಫೋನ್ ಆಫ್ ಮಾಡಿ. ಮುಗಿದ ಮೇಲೆ ಅಂಕ ನೋಡುವ ಮೊದಲು ಯಾವ ಪ್ಯಾಸೇಜ್‌ಗೆ ಎಷ್ಟು ನಿಮಿಷ ಹೋಯಿತು ಅಂತ ಬರೆದಿಡಿ. ಹತ್ತು ನಿಮಿಷ ದಾಟಿದ್ದು ಕಂಡರೆ, ಅದರಲ್ಲಿ ನಿಮ್ಮನ್ನು ಹಿಡಿದಿಟ್ಟ ಪ್ರಶ್ನೆ ಯಾವುದು ಅಂತ ಹುಡುಕಿ. ನಾಲ್ಕೈದು ಮಾಕ್ ಆದ ಮೇಲೆ ನೋಡಿ, ಅದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಸಿಗುತ್ತದೆ. ಮುಂದಿನ ಸಲ ಮೊದಲು ಬಿಡಬೇಕಾದದ್ದು ಅದನ್ನೇ.