ಉತ್ತರ ಅಜ್ಜಿಯೇ ಹೇಳಲಿ: ಹಿರಿಯರ ಆರೋಗ್ಯ ಆ್ಯಪ್ ಬಳಸುವುದು ಹೇಗೆ?

ಹಬ್ಬಕ್ಕೆ ಮಂಡ್ಯದ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ ಕಂಡಿದ್ದು. ಮೊಮ್ಮಗ ಫೋನ್ ನೋಡಿಕೊಂಡು ‘ಅಜ್ಜಿ, ಊಟ ಸೇರ್ತಿದೆಯಾ?’ ಎಂದು ಕೇಳಿದ. ಅಜ್ಜಿ ಬಾಯಿ ತೆರೆಯುವ ಮೊದಲೇ ಸೊಸೆ ‘ಚೆನ್ನಾಗೇ ತಿಂತಾರೆ’ ಎಂದರು. ಅವನು ಟಿಕ್ ಹಾಕಿಬಿಟ್ಟ. ಅಜ್ಜಿಯ ರವಿಕೆ ತೋಳಿನಲ್ಲಿ ಸಡಿಲವಾಗಿದ್ದನ್ನು ಯಾರೂ ನೋಡಲಿಲ್ಲ.

ಮೊದಲು ಆ್ಯಪ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ, ಹಿರಿಯರ ಆರೈಕೆಯ ಕೈಪಿಡಿಯಂಥ ‘ಐಕೋಪ್ ಹ್ಯಾಂಡ್‌ಬುಕ್’ ಆ್ಯಪ್ ಫೋನಿಗೆ ಹಾಕಿಕೊಳ್ಳಿ. ಅದು ಆರೋಗ್ಯ ಕಾರ್ಯಕರ್ತರಿಗಾಗಿ ಮಾಡಿದ್ದು. ಆದರೂ ಮೊದಲ ಸುತ್ತಿನ ಪ್ರಶ್ನೆಗಳನ್ನು ಮನೆಯವರು ಕೇಳಬಹುದು. ನೆನಪು, ನಡೆದಾಟ, ಊಟ, ಕಣ್ಣು, ಕಿವಿ, ಮನಸ್ಸು ಎಂದು ಆರು ಭಾಗ. ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆ ಎನ್ನುವ ಆ್ಯಪ್‌ಗಳಿದ್ದರೆ ಇವತ್ತೇ ತೆಗೆದುಹಾಕಿ. ಬಿಪಿಗೆ ತೋಳಿಗೆ ಪಟ್ಟಿ ಕಟ್ಟುವ ಮಿಷನ್ನೇ ಬೇಕು.

ಪ್ರಶ್ನೆಗಳನ್ನು ಹಿಂದಿನ ದಿನವೇ ನಿಮ್ಮ ಮನೆ ಮಾತಿನಲ್ಲಿ ಬರೆದಿಟ್ಟುಕೊಳ್ಳಿ.

ಜಾಸ್ತಿ ಜನ ಎಡವುವುದು ಕೇಳುವ ಹೊತ್ತಿನಲ್ಲೇ. ಟಿವಿ ಆರಿಸಿ, ಕನ್ನಡಕ ಹಾಕಿಸಿ, ಎದುರಿಗೆ ಕೂತುಕೊಳ್ಳಿ. ನೆನಪಿಗೆ ‘ಹೂವು, ಬಾಗಿಲು, ಅಕ್ಕಿ’ ಎಂದು ಮೂರು ಪದ ಹೇಳಿ. ಆಮೇಲೆ ಇವತ್ತಿನ ತಾರೀಕು ಏನು, ನಾವು ಎಲ್ಲಿದ್ದೇವೆ ಎಂದು ಕೇಳಿ. ಕೊನೆಗೆ ಆ ಮೂರು ಪದ ಕೇಳಿ. ನಡುವೆ ಸುಳಿವು ಕೊಡಬೇಡಿ. ತಾರೀಕಿನ ಬದಲು ‘ಅಮಾವಾಸ್ಯೆ ಕಳೆದು ಮೂರು ದಿನ’ ಎಂದರೆ ಹಾಗೇ ಬರೆದುಕೊಳ್ಳಿ, ವೈದ್ಯರು ನೋಡಲಿ. ಊಟದ ಪ್ರಶ್ನೆಗೆ ‘ಏನೋ ತಿಂತೀನಪ್ಪ’ ಎಂದರೆ ಅದು ಉತ್ತರವಲ್ಲ. ನಿನ್ನೆ ರಾತ್ರಿ ಎಷ್ಟು ಮುದ್ದೆ ಉಂಡಿರಿ ಎಂದು ಕೇಳಿ. ಬೇಕೆಂದು ಇಳಿಸದೆಯೂ ಮೂರು ತಿಂಗಳಲ್ಲಿ 3 ಕೆಜಿಗಿಂತ ಹೆಚ್ಚು ತೂಕ ಇಳಿದಿದ್ದರೆ ಸುಮ್ನೆ ಬಿಡುವಂತಿಲ್ಲ.

ಮನಸ್ಸಿನ ಪ್ರಶ್ನೆ ಕೇಳುವಾಗ ಮಗ, ಸೊಸೆ ಯಾರೂ ಹತ್ತಿರ ಇರಬಾರದು. ಎರಡು ವಾರದಿಂದ ಬೇಜಾರಾಗುತ್ತಿದೆಯಾ, ಯಾವುದರಲ್ಲೂ ಆಸಕ್ತಿ ಇಲ್ಲವಾ ಎಂದು ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಸೊಸೆಯ ಎದುರು ಯಾವ ಅತ್ತೆ ‘ಬೇಜಾರು’ ಎನ್ನುತ್ತಾರೆ, ಅಲ್ವಾ?

ನಡೆದಾಟಕ್ಕೆ ಗೋಡೆಗೆ ಒರಗಿಸಿಟ್ಟ ಗಟ್ಟಿ ಮರದ ಕುರ್ಚಿ ಬೇಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡವೇ ಬೇಡ. ಕೈ ಊರದೆ ಐದು ಸಲ ಎದ್ದು ಕೂರಲು 14 ಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ತೋರಿಸಬೇಕು. ನೀವು ಪಕ್ಕದಲ್ಲೇ ನಿಂತಿರಿ.

ಕಿವಿ ಪರೀಕ್ಷೆಗೆ ಇಯರ್‌ಫೋನ್ ಹಾಕಿಕೊಂಡು ಬಳಸುವ ಆ್ಯಪ್ ಇದೆ. ನನಗೆ ಪಿಸುಮಾತೇ ಇಷ್ಟ. ಒಂದು ತೋಳಿನಷ್ಟು ದೂರದಲ್ಲಿ ಹಿಂದೆ ನಿಂತು, ಇನ್ನೊಂದು ಕಿವಿ ಮುಚ್ಚಿಸಿ, ನಾಲ್ಕು ಪದ ಪಿಸುಗುಟ್ಟಿ, ಅವನ್ನೇ ಅಜ್ಜಿಯಿಂದ ಹೇಳಿಸಿ. ಕಣ್ಣಿನ ಪ್ರಶ್ನೆ ಸುಲಭ, ಆ್ಯಪ್‌ನಲ್ಲಿ ಇರುವಂತೆ ಕೇಳಿ.

ತೊಂದರೆ ಕಂಡರೆ ಬರೆದ ಹಾಳೆ ಹಿಡಿದು, ಅಜ್ಜಿಯನ್ನು ಕರೆದುಕೊಂಡು ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೋ ಹೋಗಿ. ಕರೆದೊಯ್ಯುವವರಿಲ್ಲ, ಯಾರನ್ನು ಕೇಳಬೇಕೋ ತಿಳಿಯದು ಎಂದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.