ಸ್ಟೇರಿಂಗ್ ಕೊಡದೆ ಕಲಿಸಿದ್ದು: ಹದಿನೇಳರ ಮಕ್ಕಳ ಡ್ರೈವಿಂಗ್ ತರಗತಿ

ಉಡುಪಿಯಲ್ಲಿ ಡ್ರೈವಿಂಗ್ ಶಾಲೆ ನಡೆಸುವ ನಾವು ನಾಲ್ಕೈದು ಮಂದಿ ಟೆಸ್ಟಿಗೆ ಕಾಯುತ್ತ ಕುಳಿತಿದ್ದಾಗ, ಹದಿನೆಂಟು ತುಂಬದವರಿಗೂ ತರಗತಿ ತೆರೆಯುತ್ತೇನೆ, ಆದರೆ ಸ್ಟೇರಿಂಗ್ ಕೊಡುವುದಿಲ್ಲ ಎಂದಿದ್ದೆ. "ಮದಗಕ್ಕೆ ಇಳಿಸದೆ ಈಜು ಕಲಿಸುತ್ತೀರಾ ಮಾರಾಯರೇ?" ಎಂದು ಒಬ್ಬರು ನಕ್ಕರು. ಕಳೆದ ಬೇಸಿಗೆಯಲ್ಲಿ ಅದೇ ಮಹನೀಯರು ತಮ್ಮ ಮಗಳನ್ನು ನನ್ನಲ್ಲಿಗೆ ಕಳುಹಿಸಿದರು. ಇದನ್ನು ಬರೆಯಲು ಅಷ್ಟು ಸಾಕು.

ಹದಿನಾರಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಅದು ಲೂನಾ ಕಾಲದ ಮಾತು. ಕಾರಿನ ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಹದಿನೆಂಟು ತುಂಬಲೇಬೇಕು. ಆಸೆ ಹುಟ್ಟುವುದು ಮಾತ್ರ ಪಿಯುಸಿಗೆ ಕಾಲಿಟ್ಟ ದಿನವೇ. ನಾವು ಮನೆಗೆ ಕಳುಹಿಸುತ್ತೇವೆ, ಅವರು ಭಾವನ ಕಾರಿನಲ್ಲಿ ಗದ್ದೆಬದಿಯಲ್ಲಿ ಕೆಟ್ಟ ಅಭ್ಯಾಸಗಳನ್ನೆಲ್ಲ ಕಲಿತು ಬರುತ್ತಾರೆ. ಕ್ಲಚ್ಚಿನ ಮೇಲಿಂದ ಅವರ ಕಾಲು ತೆಗೆಸುವುದಕ್ಕೇ ನನ್ನ ನಾಲ್ಕು ದಿನದ ಪೆಟ್ರೋಲು ಹೋಗುತ್ತಿತ್ತು.

ಮೊದಲ ವರ್ಷ ಸೋತೆ. ಸುಮಾರು 30 ಸಾವಿರಕ್ಕೆ ಹಳೆಯ ಮಾರುತಿ 800 ತಂದು, ಮುಂದಿನ ಚಕ್ರಗಳನ್ನು ಎತ್ತಿ ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ಕಾರು ಎಲ್ಲಿಗೂ ಹೋಗುವುದಿಲ್ಲ, ಹುಡುಗರು ಗೇರು ಕಲಿಯುತ್ತಾರೆ ಎಂಬ ಲೆಕ್ಕ. ಕಲಿತರು ಕೂಡ. ಆದರೆ ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಭಾರವೆಲ್ಲಿ? ಕ್ಲಚ್ಚನ್ನು ಹೇಗೆ ಬಿಟ್ಟರೂ ಎಂಜಿನ್ ನಿಲ್ಲುವುದಿಲ್ಲ. ಹದಿನೆಂಟು ತುಂಬಿ ಮಣಿಪಾಲದ ಏರಿಗೆ ಬಂದಾಗ ಅದೇ ಹುಡುಗರು ಆರಾರು ಸಲ ಬಂದ್ ಮಾಡಿ, ಹಿಂದಿನ ಬಸ್ಸಿನ ಹಾರ್ನಿಗೆ ಬೆವತುಹೋದರು. ಏಳು ಮಂದಿಯಲ್ಲಿ ಮೂವರು ಹಣ ವಾಪಸು ಕೇಳಿದರು, ಕೊಟ್ಟೆ. ಕಾರು ಗುಜರಿಗೆ ಹೋಯಿತು. 17 ಸಾವಿರ ಬಂದಿರಬೇಕು.

ನಡುವೆ ಕಂಪ್ಯೂಟರಿಗೆ ಜೋಡಿಸುವ ಆಟದ ಸ್ಟೇರಿಂಗ್ ಒಂದನ್ನೂ ತಂದೆ, ಒಂಬತ್ತು ಸಾವಿರ ಚಿಲ್ಲರೆ. ಗುದ್ದಿದರೆ ನಗುತ್ತಾರೆ. ಅದೀಗ ನನ್ನ ಮಗನ ಕೋಣೆಯಲ್ಲಿದೆ. ಅವನಿಗೂ ಡ್ರೈವಿಂಗ್ ಬಂದಿಲ್ಲ.

ಕೊನೆಗೆ ಕೈಹಿಡಿದದ್ದು ಖಾಲಿ ಬಿದ್ದಿದ್ದ ಹಿಂದಿನ ಸೀಟು. ಎಲ್‌ಎಲ್‌ಆರ್ ಇದ್ದವರು ಓಡಿಸುತ್ತಾರೆ, ನಾನು ಪಕ್ಕದಲ್ಲಿ, ಹದಿನೇಳರ ಮಕ್ಕಳು ಹಿಂದೆ. ಮುಂದೆ ಏನಾಗಲಿದೆ ಎಂಬುದನ್ನು ಬ್ರೇಕು ಬೀಳುವ ಮೊದಲೇ ಅವರು ಹೇಳಬೇಕು. ಒಂದು ತೊಟ್ಟು ಪೆಟ್ರೋಲೂ ಹೆಚ್ಚಿಗೆ ಬೇಡ. ಕಲ್ಸಂಕದ ಹತ್ತಿರ ಒಬ್ಬಳು ಹುಡುಗಿ, "ಕಂಡಕ್ಟರನ ಕೈ ಹೊರಗೆ ಬಂತು, ಬಸ್ಸು ಎಡಕ್ಕೆ ಬರುತ್ತದೆ" ಎಂದಳು. ಬಂತು. ಓಡಿಸುತ್ತಿದ್ದವರಿಗೆ ಆ ಕೈ ಕಂಡೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕಂಡಿರಲಿಲ್ಲ.

ಇದರಲ್ಲೂ ಎಡವಟ್ಟಾಯಿತು. ಹಿಂದಿನಿಂದ ಮಾತು ಕೇಳಿದರೆ ಓಡಿಸುವವರ ಕೈ ನಡುಗುತ್ತದೆ. ಒಬ್ಬ ಅಕ್ಕ ಸಂತೆಕಟ್ಟೆಯಲ್ಲಿ ಕಾರು ಬದಿಗೆ ನಿಲ್ಲಿಸಿ, "ಈ ಪಂಚಾಯಿತಿಯನ್ನು ಇಳಿಸಿ, ಇಲ್ಲವಾದರೆ ನಾನು ಇಳಿಯುತ್ತೇನೆ" ಎಂದರು. ಬರೆಯಿಸಿ ನೋಡಿದೆ, ನಮ್ಮ ಹೊಂಡಗಳಲ್ಲಿ ಅಕ್ಷರ ಮೂಡಲಿಲ್ಲ. ಈಗ ಬಾಯಿಗೂ ಪೆನ್ನಿಗೂ ಕೆಲಸವಿಲ್ಲದ ಒಂದು ಉಪಾಯವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಸುತ್ತಮುತ್ತ ಶಾಲೆಗಳು ಬಹಳ ಇವೆ.

ಹನ್ನೆರಡು ತರಗತಿಗೆ ಎರಡು ಸಾವಿರ. ಹದಿನೆಂಟಕ್ಕೆ ಮರಳಿ ಬಂದರೆ ಏಳು ಸಾವಿರದ ಪೂರ್ಣ ಶುಲ್ಕದಲ್ಲಿ ಅದನ್ನು ಕಳೆಯುತ್ತೇನೆ; ತಂದೆ ತಾಯಿ ಒಪ್ಪುವುದು ಈ ಮಾತಿಗೇ. ಮೂರು ವರ್ಷದಲ್ಲಿ ನಲವತ್ತೈದು ಮಕ್ಕಳು ಬಂದಿರಬಹುದು, ಮೂವತ್ತಕ್ಕೂ ಹೆಚ್ಚು ಮಂದಿ ಮರಳಿದರು. ಬೇರೆಯವರಿಗೆ ಇಪ್ಪತ್ತು ದಿನ ಹಿಡಿಯುವುದು ಇವರಿಗೆ ಹದಿಮೂರು ದಿನಕ್ಕೆ ಬಂತು. ಟೆಸ್ಟಿನಲ್ಲಿ ಫೇಲಾದವರು ಇಬ್ಬರೇ, ಅದೂ ರಿವರ್ಸಿನಲ್ಲಿ.

ದುಪ್ಪಟ್ಟು ಕೊಡುತ್ತೇನೆ, ರಾತ್ರಿ ಗುಟ್ಟಾಗಿ ಕಲಿಸಿ ಎಂದು ಮಗನನ್ನು ಕರೆತಂದವರೂ ಇದ್ದಾರೆ. ಅಂಥ ಒಬ್ಬರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯನ್ನು ವಿವರಿಸಿದೆ. 25 ಸಾವಿರ ದಂಡ ಎಂದಾಗ ತಂದೆ ನಕ್ಕರು, ಮೂರು ವರ್ಷದವರೆಗೆ ಜೈಲು ಎಂದಾಗ ಸುಮ್ಮನಾದರು. ಸಿಕ್ಕಿಬಿದ್ದರೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಇಲ್ಲ ಎಂದಾಗ ಮಗನ ಮುಖ ಬಾಡಿತು. ಮರುದಿನ ಹಿಂದಿನ ಸೀಟಿಗೆ ಬಂದು ಕುಳಿತ.

ಹದಿನಾರರವರನ್ನು ಈಗ ಸೇರಿಸಿಕೊಳ್ಳುವುದಿಲ್ಲ. ಎರಡು ವರ್ಷದಲ್ಲಿ ಎಲ್ಲ ಮರೆತು ಬರುತ್ತಾರೆ. ಹದಿನೇಳೂವರೆ ಸರಿಯಾದ ಹೊತ್ತು. ಅದು ಮಳೆಗಾಲಕ್ಕೆ ಬಿದ್ದರೆ ಇನ್ನೂ ಒಳ್ಳೆಯದು; ವೈಪರಿನ ಆಚೆ ಕಣ್ಣಿಗೆ ಬೇಕಾದಷ್ಟು ಕೆಲಸವಿರುತ್ತದೆ. ಒಂದು ಸಲಕ್ಕೆ ಇಬ್ಬರನ್ನು ಮಾತ್ರ ಕೂರಿಸಿ. ಮೂವರಾದರೆ ಹರಟೆ ಶುರುವಾಗುತ್ತದೆ.