ಚಿಮ್ನಿ ಮೋಟಾರು ಕಾದು ನಿಂತರೆ ಮೊದಲು ಸದ್ದು ಕೇಳಿ

ಅಡಿಗೆಮನೆ ಚಿಮ್ನಿ ಹತ್ತು ನಿಮಿಷ ಓಡಿ ತಾನಾಗೇ ನಿಂತುಹೋಗ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡ್ತದೆ ಅಂತ ಫೋನು ಬಂದರೆ ನಾನು ಕೇಳೋದು ಒಂದೇ ಪ್ರಶ್ನೆ. ನಿಲ್ಲೋ ಮುಂಚೆ ಸದ್ದು ಕೀರಲಾಗಿ ಮೇಲೇರ್ತದೋ, ಇಲ್ಲಾ ದಪ್ಪಗೆ ಗುಂಯ್‌ಗುಡ್ತದೋ? ಹೆಚ್ಚಿನವರು ಅದನ್ನೆಲ್ಲ ಗಮನಿಸಿರೋದಿಲ್ಲ. ಹಾಗಾದರೆ ಓಡಿಸಿ ಫೋನು ಹತ್ತಿರ ಹಿಡೀರಿ ಅಂತೀನಿ. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೋ ಹೊಸನಗರದ ಕಡೆಗೋ ಮಳೇಲಿ ಬೈಕ್ ಓಡಿಸಬೇಕಾದವನಿಗೆ ಚೀಲಕ್ಕೆ ಏನು ಹಾಕ್ಕೋಬೇಕು ಅನ್ನೋದು ಇಲ್ಲೇ ತಿಳೀಬೇಕು.

ತಾನಾಗೇ ನಿಂತು ತಾನಾಗೇ ಶುರುವಾಗೋದು ಹೆಚ್ಚಾಗಿ ಬೋರ್ಡಿನ ದೋಷ ಅಲ್ಲ. ಮೋಟಾರಿನೊಳಗಿನ ತಂತಿ ಸುತ್ತಿಗೆ, ಅಂದರೆ ವೈಂಡಿಂಗಿಗೆ, ತಾಗಿಕೊಂಡು ಒಂದು ಥರ್ಮಲ್ ಕಟ್‌ಆಫ್ ಇರ್ತದೆ. ಕಾವು ಮಿತಿ ಮೀರಿದರೆ ಅದು ಲೈನ್ ಬಿಡಿಸ್ತದೆ, ಆರಿದ ಮೇಲೆ ಮತ್ತೆ ಕೂಡಿಸ್ತದೆ. ಅದನ್ನು ಕಿತ್ತು ನೇರ ವೈರ್ ಕೊಟ್ಟ ಚಿಮ್ನಿಗಳನ್ನೂ ನೋಡಿದೀನಿ. ಎಣ್ಣೆ ಜಿಡ್ಡು ಅಂಟಿದ ಡಬ್ಬದೊಳಗೆ, ಗ್ಯಾಸ್ ಒಲೆ ಮೇಲೆ, ಅದೂ ಒಂದು ಧೈರ್ಯ!

ಪುನರ್ವಸು ಮಳೆ ಹಿಡಿದಿದ್ದಾಗ ತೀರ್ಥಹಳ್ಳಿ ಹತ್ತಿರದ ಒಂದು ತೋಟದ ಮನೆಗೆ ಹೋಗಿದ್ದೆ. ಫೋನಿನಲ್ಲಿ ಕೇಳಿದ್ದು ಕೀರಲು ಸದ್ದು. ಮನೆಯಮ್ಮ ಹಲಸಿನ ಹಪ್ಪಳ ಕರೀತಿದ್ದರು, ಹೊಗೆಯೆಲ್ಲ ಜಗಲಿಗೆ ಬಂದಿತ್ತು.

"ಎಂತ ಮಾರಾಯ್ರೆ, ಮುಂಚೆ ಬಂದವರು ಮೋಟಾರೇ ಸುಟ್ಟಿದೆ, ಹೊಸದು ಹಾಕ್ಬೇಕು ಅಂದ್ರು. ಹೌದಾ?"

"ಸುಟ್ಟ ಮೋಟಾರು ಅರ್ಧ ಗಂಟೆ ಬಿಟ್ಟು ಓಡೋದಿಲ್ಲ ಅಮ್ಮ. ನೋಡಣ, ಇರಿ."

ಲೇಬಲ್ ಮೇಲೆ 180 ವಾಟ್ ಅಂತಿತ್ತು. ಅಂಥದ್ದು 230 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೀಬೇಕು. ಇಷ್ಟು ಸಣ್ಣ ಕರೆಂಟನ್ನು ಕ್ಲ್ಯಾಂಪ್ ಮೀಟರ್ (ವೈರನ್ನು ಇಕ್ಕಳದ ಹಾಗೆ ಬಾಯಲ್ಲಿ ಹಿಡಿದು ಅಳೆಯೋದು) ಸರಿಯಾಗಿ ತೋರಿಸೋದಿಲ್ಲ. ಅದಕ್ಕೇ ನನ್ನ ಹತ್ತಿರ ಒಂದು ತುಂಡು ವೈರ್ ಇದೆ. ಫೇಸ್ ಲೈನಿಗೆ ಅದನ್ನು ಸೇರಿಸಿ, ಮೀಟರಿನ ಬಾಯಿಗೆ ಹತ್ತು ಸುತ್ತು ಹಾಕಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸ್ತೀನಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಮೀಟರು ಸೊನ್ನೆ ತೋರಿಸ್ತದೆ. 5.6 ಬಂತು, ಅಂದರೆ 0.56. ಮೋಟಾರು ಎಳೀತಿರೋದೇ ಕಮ್ಮಿ, ಆದರೂ ಡಬ್ಬಕ್ಕೆ ಕೈ ಇಡೋ ಹಾಗಿಲ್ಲ.

ಹೊಸಬರು ಎಡವೋದು ಇಲ್ಲೇ. ಬಿಸಿ ಆಯ್ತು ಅಂದ್ರೆ ಲೋಡ್ ಜಾಸ್ತಿ ಆಗಿದೆ ಅಂದ್ಕೋತಾರೆ. ಚಿಮ್ನಿ ಬ್ಲೋವರ್ ಹಾಗಲ್ಲ. ಅದರ ಕೆಲಸ ಗಾಳಿ ತಳ್ಳೋದು, ಗಾಳಿ ಹೋಗೋ ದಾರಿ ಕಟ್ಟಿದರೆ ತಳ್ಳೋಕೆ ಏನೂ ಇರೋದಿಲ್ಲ. ಚಕ್ರ ಹಗುರಾಗಿ ಜೋರಾಗಿ ಸುತ್ತುತ್ತದೆ, ಸದ್ದು ಏರ್ತದೆ, ಕರೆಂಟು ಇಳೀತದೆ. ಆದರೆ ಮೋಟಾರನ್ನು ತಣ್ಣಗಿಡೋದೂ ಅದೇ ಗಾಳಿ. ಅದು ನಿಂತ ಮೇಲೆ ಕಮ್ಮಿ ಕರೆಂಟಿನ ಕಾವೂ ಒಳಗೇ ಕೂತು ಬೆಳೀತದೆ. ಬೇರಿಂಗ್ ಹಿಡಿದಿದ್ದರೆ, ಮೋಟಾರು ಸುತ್ತೋಕೆ ಬಲ ಕೊಡೋ ಕೆಪಾಸಿಟರ್ ಸೋತಿದ್ದರೆ ಕತೆಯೇ ಬೇರೆ: ಸುತ್ತು ಕಮ್ಮಿಯಾಗಿ ದಪ್ಪ ಗುಂಯ್ ಸದ್ದು ಬರ್ತದೆ.

ಫಿಲ್ಟರ್ ಬಿಚ್ಚಿದೆ, ಚೊಕ್ಕಟವಾಗಿತ್ತು. ಸೋಪಿನ ನೀರಲ್ಲಿ ತೊಳೆದಿಟ್ಟಿದ್ದರು. (ಕಾಸ್ಟಿಕ್ ಸೋಡಾ ಹಾಕಬೇಡಿ, ಅಲ್ಯೂಮಿನಿಯಂ ತಿಂದುಹಾಕ್ತದೆ.) ಅದನ್ನು ತೆಗೆದು ಓಡಿಸಿದರೂ ಸದ್ದು ಬದಲಾಗಲಿಲ್ಲ, ಒಂದು ಹಾಳೆ ಹಿಡಿದರೆ ಅಂಟಿಕೊಳ್ಳಲೂ ಇಲ್ಲ. ಆಮೇಲೆ ಮೇಲಿನ ಡಕ್ಟ್ ಪೈಪನ್ನು ಕಾಲರಿನಿಂದ ಕಳಚಿ ಓಡಿಸಿದೆ. ಭರ್ ಅಂತ ಸದ್ದು ಇಳೀತು, ಹಾಳೆ ಪಟ್ಟಂತ ಅಂಟಿಕೊಂಡಿತು, ಮೀಟರು 0.8ರ ಹತ್ತಿರ ಬಂತು. ಮೋಟಾರಿಗೆ ಏನೂ ಆಗಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊಡೆ ಹಿಡಿದು ಮನೆ ಹಿಂದೆ ಹೋದೆ. ಪಡುವಣ ಗೋಡೆ ನೆನೀಬಾರದು ಅಂತ ಮಳೆಗಾಲದ ಮೊದಲೇ ಸೂರಿನಿಂದ ಕೆಳತನಕ ಟಾರ್ಪಾಲು ಕಟ್ಟಿದ್ದರು. ಎರಚಲು ಹೊಡೆಯೋ ಊರಲ್ಲಿ ಎಲ್ಲರೂ ಮಾಡೋ ಕೆಲಸವೇ. ಆದರೆ ಚಿಮ್ನಿ ಪೈಪಿನ ಬಾಯಿ ಅದರ ಹಿಂದೆ ಸಿಕ್ಕಿಕೊಂಡಿತ್ತು. ಟಾರ್ಪಾಲಿನ ಒಳಮೈ ಮೇಲೆ ದುಂಡಗೆ ಕಂದು ಜಿಡ್ಡು ಹಿಡಿದು, ಅದರಿಂದ ಎಣ್ಣೆ ಒಂದೇ ಗೆರೆಯಾಗಿ ನೆಲದವರೆಗೆ ಇಳಿದಿತ್ತು. ಅಲ್ಲಿ ಇರುವೆ ಸಾಲು.

ಪೈಪು ಮಾತ್ರ ಮೊದಲಿಂದ ಕೊನೇವರೆಗೂ ಆರಿಂಚಿನದೇ ಇತ್ತು, ಪುಣ್ಯ. ಎಷ್ಟೋ ಮನೇಲಿ ಗೋಡೆ ತೂತಿನ ಹತ್ತಿರ ನಾಲ್ಕಿಂಚಿಗೆ ಇಳಿಸಿರ್ತಾರೆ. ಅಗಲ ಎರಡೇ ಇಂಚು ಕಮ್ಮಿ ಅನ್ನಿಸ್ತದೆ, ಗಾಳಿಗೆ ಸಿಗೋ ಜಾಗ ಅರ್ಧಕ್ಕಿಂತಲೂ ಕಮ್ಮಿ ಆಗಿರ್ತದೆ.

ಟಾರ್ಪಾಲನ್ನು ಪೈಪಿನ ಸುತ್ತ ಕತ್ತರಿಸಿ, ಕೆಳಮುಖವಾಗಿ ಒಂದು ಎಲ್ಬೋ ಕೂರಿಸಿ, ಅಂಚಿಗೆ ಟೇಪು ಸುತ್ತಿದೆ. ಮಳೆ ಒಳಗೆ ಬರೋದಿಲ್ಲ, ಗಾಳಿ ಹೊರಗೆ ಹೋಗ್ತದೆ.

ಅಷ್ಟು ದಿನ ಕಾದ ಪೆಟ್ಟಿಗೆಯಲ್ಲವಾ, ಅದಕ್ಕೇ ಕೆಪಾಸಿಟರನ್ನೂ ನೋಡಿದೆ. ಪ್ಲಗ್ ಕಿತ್ತು, ರೆಸಿಸ್ಟರ್ ತಾಗಿಸಿ ಚಾರ್ಜ್ ಇಳಿಸಿ ಅಳೆದರೆ 4 ಮೈಕ್ರೋಫ್ಯಾರಡ್ ಇರಬೇಕಾದ್ದು 3.3 ಇತ್ತು. ಮೇಲೆ ಬರೆದ ±5 ಶೇಕಡಾ ಲೆಕ್ಕಕ್ಕೆ 3.8ಕ್ಕಿಂತ ಇಳೀಬಾರದು. ಅದೇ ಅಳತೆಯ 440 ವೋಲ್ಟಿನದು ಹಾಕಿದೆ. ಜಾಸ್ತಿ ಮೈಕ್ರೋಫ್ಯಾರಡ್ ಹಾಕಿದರೆ ಎಳೆತ ಹೆಚ್ತದೆ ಅಂತ ಕೆಲವರು 6ರದ್ದು ಹಾಕ್ತಾರೆ. ಎಳೆತದ ಜೊತೆ ವೈಂಡಿಂಗಿನ ಕಾವೂ ಹೆಚ್ತದೆ.

ಹೊರಡೋ ಹೊತ್ತಿಗೆ ಸಂಜೆ ಆಗಿತ್ತು, ಮನೆಯ ವೋಲ್ಟೇಜು 185ಕ್ಕೆ ಇಳಿದಿತ್ತು. ಮೋಟಾರಿನ ಟಾರ್ಕ್, ಅಂದರೆ ತಿರುಗಿಸೋ ಬಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯೋದರಿಂದ ಆಗ ಸಿಗೋದು ಮೂರರಲ್ಲಿ ಎರಡು ಪಾಲು. ಅಷ್ಟಕ್ಕೆ ಸ್ಟೆಬಿಲೈಸರ್ ತರಿಸೋದು ಬೇಡ ಅಂದೆ. ಹಪ್ಪಳ ಕರಿಯೋದು ಮಧ್ಯಾಹ್ನ ಇಟ್ಕೊಂಡರೆ ಸಾಕು. ರಾತ್ರಿ ಅಡಿಗೆಗೆ ಓಡಿಸುವಾಗ ದಪ್ಪ ಗುಂಯ್ ಸದ್ದು ಕೇಳಿದರೆ ಆಫ್ ಮಾಡಿ ಕಿಟಕಿ ತೆಗೀರಿ ಅಂತ ಹೇಳಿ ಬಂದೆ.